ಬಚ್ಚಲಿನ ಸಿಹಿ ವಾಸನೆ

ಲೇತಿನಿಂದ ಇಳಿದ ಪಂಪಿನ ಬಿಡಿಭಾಗಗಳನ್ನು ಸಾಲ್ವೆಂಟಿನಲ್ಲಿ ಅದ್ದಿ ಜಿಡ್ಡು ತೆಗೆಯುವುದು ಕಾರ್ಖಾನೆಯಲ್ಲಿ ಚಿಕ್ಕಿ ಎಂಬವಳ ಕೆಲಸ. ಒಂಬತ್ತು ವರ್ಷ ಒಂದೇ ತೊಟ್ಟಿಯ ಮುಂದೆ ನಿಂತವಳಿಗೆ ಆ ದ್ರಾವಕದ ಸಿಹಿಸಿಹಿಯಾದ, ತಲೆ ಹಿಡಿಯುವ ವಾಸನೆ ಚೆನ್ನಾಗಿ ಗೊತ್ತು. ಹಾಗಾಗಿಯೇ ಒಂದು ಭಾನುವಾರ ಬೆಳಿಗ್ಗೆ ತನ್ನ ಅಮ್ಮನಿಗೆ ಸ್ನಾನ ಮಾಡಿಸಲೆಂದು ಬಚ್ಚಲ ಬಾಗಿಲು ಮುಚ್ಚಿ ಬಿಸಿನೀರು ಬಿಟ್ಟಾಗ, ಹಬೆಯ ಜೊತೆ ಅದೇ ವಾಸನೆ ಎದ್ದದ್ದಕ್ಕೆ ಅವಳು ನಲ್ಲಿ ನಿಲ್ಲಿಸಿದಳು.

ಅಮ್ಮನ ಮೂತ್ರಪಿಂಡದಲ್ಲಿ ಗಡ್ಡೆ ಇದೆಯೆಂದು ಡಾಕ್ಟರು ಹೇಳಿ ಆಗ ಇಪ್ಪತ್ತು ದಿನವಾಗಿತ್ತು.

ಚಿಕ್ಕಿ ನೇರವಾಗಿ ಭಾವನ ಬಳಿ ಹೋದಳು. ಅಕ್ಕನ ಗಂಡ ಅದೇ ಕಾರ್ಖಾನೆಯ ಫೋರ್‌ಮನ್. ಅವಳಿಗೆ ಕೆಲಸ ಕೊಡಿಸಿದವನೂ ಅವನೇ, ಮೂರು ಮನೆ ಆಚೆಗೆ ಇರುವವನೂ ಅವನೇ. ಬೀದಿಗೆಲ್ಲ ಒಂದೇ ಬೋರ್‌ವೆಲ್ಲು. ಭಾವ ನಕ್ಕು, ವಾಸನೆ ನೀರಿನದಲ್ಲ, ನಿನ್ನ ಬಟ್ಟೆಯದು, ಕಾರ್ಖಾನೆಯನ್ನು ಮೈಮೇಲೆ ಹೊತ್ತು ತರುತ್ತೀಯ ಎಂದ. ಇರಬಹುದು ಅನ್ನಿಸಿತು. ಆದರೆ ಹೊರಡುವಾಗ ಅಡುಗೆಮನೆಯಲ್ಲಿ ಅಕ್ಕ ಟೊಮ್ಯಾಟೊ ತೊಳೆಯುತ್ತಿದ್ದಳು. ನಲ್ಲಿಯ ನೀರಿನಲ್ಲಲ್ಲ, ಕ್ಯಾನಿನ ನೀರಿನಲ್ಲಿ. ಯಾಕೆಂದು ಕೇಳಿದರೆ, ಇವರ ಹೊಟ್ಟೆಗೆ ಬೋರಿನ ನೀರು ಆಗಿಬರಲ್ಲ ಅಂದಳು. ಹೊಟ್ಟೆಗೆ ಆಗದಿದ್ದರೆ ಕುಡಿಯುವುದಕ್ಕೆ ಕ್ಯಾನು ಸರಿ. ತರಕಾರಿ ತೊಳೆಯುವುದಕ್ಕೂ ಯಾಕೆ?

ಅಂದಿನಿಂದ ಚಿಕ್ಕಿಗೆ ಬೇರೆ ಯೋಚನೆಯೇ ಇಲ್ಲವಾಯಿತು. ಕೆಲಸದ ಬಟ್ಟೆಯನ್ನು ಕಾರ್ಖಾನೆಯ ಬೀರುವಿನಲ್ಲೇ ಬಿಟ್ಟು, ಅಲ್ಲೇ ಮೈ ತೊಳೆದು ಮನೆಗೆ ಬರತೊಡಗಿದಳು. ಹದಿನೈದು ದಿನ ಕಳೆಯಿತು. ಬಚ್ಚಲಿನ ವಾಸನೆ ಹೋಗಲಿಲ್ಲ. ಈ ನಡುವೆ, ಸಾಲ್ವೆಂಟನ್ನು ನೆಲದಡಿ ಕೂಡಿಡುತ್ತಿದ್ದ ಹಳೇ ನೆಲತೊಟ್ಟಿ ಎಲ್ಲಿದೆಯೆಂದು ಉಗ್ರಾಣದ ಗುಮಾಸ್ತನನ್ನು ವಿಚಾರಿಸಿದ್ದಳು. ಅದನ್ನು ಮುಚ್ಚಿ ಮೂರು ವರ್ಷ ಆಯ್ತಲ್ಲ ಎಂದು ಅವನು ಬಾಯಿ ತಪ್ಪಿ ಹೇಳಿದ. ಆಮೇಲೆ ಅವಳ ಕಡೆ ಮುಖ ಎತ್ತಲಿಲ್ಲ. ಮಾರನೆಯ ದಿನವೇ ಭಾವ ಅವಳು ಕೆಲಸ ಮಾಡುವ ತೊಟ್ಟಿಯ ಹತ್ತಿರ ಬಂದು ನಿಂತು, ಅಮ್ಮನ ಆಪರೇಷನ್ ಇದೆ, ರಜ ಹಾಕಿ ಮನೇಲಿರು ಎಂದ. ಕಾಳಜಿಯ ಮಾತೇ. ಆದರೂ ಅವಳಿಗೆ ಹಿಡಿಸಲಿಲ್ಲ.

ರಜ ಹಾಕಿದಳು, ಆದರೆ ಮನೆಯಲ್ಲಿ ಕೂರಲಿಲ್ಲ. ನೀರಿನ ಲ್ಯಾಬಿನವರು ಹೇಳಿಕೊಟ್ಟಂತೆ ಗಾಜಿನ ಸೀಸೆಗೆ ಗಾಳಿಗುಳ್ಳೆ ಉಳಿಯದ ಹಾಗೆ ಅಂಚಿನವರೆಗೆ ನೀರು ತುಂಬಿ, ಐಸಿನ ಡಬ್ಬಿಯಲ್ಲಿಟ್ಟು ಕೊಟ್ಟುಬಂದಳು. ಎಂಟನೆಯ ದಿನ ರಿಪೋರ್ಟು ಬಂತು. ಅಲ್ಲಿನ ಪರೀಕ್ಷಕಿ ಕನ್ನಡಕ ತೆಗೆದಿಟ್ಟು, ನೀವು ತೊಟ್ಟಿಯಲ್ಲಿ ಬಳಸುತ್ತೇವೆ ಅಂದಿರಲ್ಲ, ಆ ಸಾಲ್ವೆಂಟೇ ಇದು, ಇರಬಹುದಾದ ಮಿತಿಗಿಂತ ನಲವತ್ತು ಪಟ್ಟು ಇದೆ ಎಂದಳು. ಕುದಿಸಿ ಕುಡಿಯುತ್ತೇವಲ್ಲ ಎಂದಳು ಚಿಕ್ಕಿ.

"ಕುದಿಸಿದ್ರೆ ಅದು ಹಬೆಯಾಗಿ ಮನೆಯೊಳಗಿನ ಗಾಳಿಗೇ ಸೇರುತ್ತಮ್ಮ. ಬಾಗಿಲು ಹಾಕಿ ಬಿಸಿನೀರು ಸ್ನಾನ ಮಾಡಿದ್ರೂ ಅಷ್ಟೇ, ಉಸಿರಲ್ಲಿ ಒಳಗೆ ಹೋಗುತ್ತೆ."

ವರ್ಷಗಟ್ಟಲೆ ಹೀಗಾದರೆ ಪಿತ್ತಜನಕಾಂಗಕ್ಕೆ ಪೆಟ್ಟು, ಮೂತ್ರಪಿಂಡದಲ್ಲಿ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು. ಆದರೆ ಇಂಥವರಿಗೆ ಇದರಿಂದಲೇ ಬಂತೆಂದು ಬೊಟ್ಟುಮಾಡಿ ಹೇಳಲಾಗದು ಎಂದೂ ತಿಳಿಸಿದಳು. ಚಿಕ್ಕಿ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ರವಿಕೆಯಲ್ಲಿಟ್ಟುಕೊಂಡಳು. ಪರ್ಸಿನ ಮೇಲೂ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ಭಾವ ಊಟಕ್ಕೆ ಕೂತಿದ್ದ. ಅವಳು ಕಾಗದ ತಟ್ಟೆಯ ಪಕ್ಕ ಇಟ್ಟಳು. ಅವನು ಪೂರ್ತಿ ಓದಲೂ ಇಲ್ಲ. ಮೂರು ವರ್ಷದ ಹಿಂದೆ ನೆಲತೊಟ್ಟಿ ಬಿರುಕು ಬಿಟ್ಟಿದ್ದು, ತಾನು ಮೇಲಿನವರಿಗೆ ಪತ್ರ ಬರೆದದ್ದು, ಅವರು ಬಾಯಿ ಮುಚ್ಚಿಕೊಂಡಿರು ಎಂದದ್ದು, ಎಲ್ಲವನ್ನೂ ತಲೆ ತಗ್ಗಿಸಿಯೇ ಹೇಳಿದ.

"ನಿಮ್ಮ ಮನೆಗೆ ಕ್ಯಾನ್ ತರಿಸಿದ್ರಿ. ಅಮ್ಮಂಗೆ ಒಂದು ಮಾತು ಹೇಳ್ಬಾರದಿತ್ತಾ, ಭಾವ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ಅವಳು ಸುಮ್ಮನಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಸಂಜೆಯೊಳಗೆ ರಿಪೋರ್ಟಿನ ಪ್ರತಿ ಬೀದಿಯ ಅಷ್ಟೂ ಮನೆ ಸೇರಿತು. ವಾರದೊಳಗೆ ಅಧಿಕಾರಿಗಳು ಬಂದು ಬೋರ್‌ವೆಲ್ಲಿಗೆ ಬೀಗ ಜಡಿದರು, ಟ್ಯಾಂಕರ್ ನೀರು ಬಂತು. ಭಾವ ತನ್ನ ಹಳೇ ಪತ್ರದ ನಕಲನ್ನು ವಿಚಾರಣೆಯವರ ಕೈಗಿಟ್ಟ. ಅದರಿಂದ ಕಾರ್ಖಾನೆಯ ಮಾಲೀಕರು ಸಿಕ್ಕಿಬಿದ್ದರು, ಅವನ ಕೆಲಸವೂ ಹೋಯಿತು. ಬೀದಿಯವರು ಈಗಲೂ ಅವನನ್ನು ಮಾತಾಡಿಸುವುದಿಲ್ಲ.

ಅಮ್ಮನ ಒಂದು ಮೂತ್ರಪಿಂಡ ತೆಗೆದರು. ಗಡ್ಡೆ ನೀರಿನಿಂದಲೇ ಆದದ್ದೋ ಅಲ್ಲವೋ ಹೇಳಲಾರೆವು ಎಂದರು ಡಾಕ್ಟರು. ಅಮ್ಮ ಚೇತರಿಸಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾಳೆ, ಅಳಿಯ ಯಾಕೆ ಬರುತ್ತಿಲ್ಲ ಎಂದು ಕೇಳುತ್ತಾಳೆ.

ಅಕ್ಕ ದಿನವೂ ಬರುತ್ತಾಳೆ. ಅಮ್ಮನ ತಲೆ ಬಾಚಿ, ಮಾತ್ರೆ ಕೊಟ್ಟು, ಬಟ್ಟೆ ಮಡಿಸಿಟ್ಟು ಹೋಗುತ್ತಾಳೆ. ನಿನಗೂ ಗೊತ್ತಿತ್ತಾ ಅಕ್ಕ ಎಂಬ ಒಂದು ಮಾತು ಚಿಕ್ಕಿಯ ನಾಲಿಗೆಯ ತುದಿಯವರೆಗೆ ಬರುತ್ತದೆ. ಅಕ್ಕ ತಲೆ ಎತ್ತಿ ನೋಡುತ್ತಾಳೆ, ಏನೇ ಅನ್ನುತ್ತಾಳೆ. ಏನಿಲ್ಲ ಅಂದು ಚಿಕ್ಕಿ ಒಳಗೆ ಹೋಗುತ್ತಾಳೆ.