ಒಂದೇ ಗಂಟೆ

ತತ್ವಶಾಸ್ತ್ರದಲ್ಲಿ ಎರಡು ಪದವಿ ಪಡೆದ ನನಗೆ ಸಿಕ್ಕ ಕೆಲಸ, ಊರಿಂದೂರಿಗೆ ಎಷ್ಟು ದೂರ ಎಂದು ಬರೆಯುವುದು. ವಿಮಾನದ ಟಿಕೆಟ್ ಮಾರುವ ಕಂಪನಿಯೊಂದರ ವೆಬ್‌ಸೈಟಿಗೆ. ವಿಷಯ ಒಂದು ಸಾಲಿನದು, ಮ್ಯಾನೇಜರ್‌ಗೆ ಬೇಕಾದದ್ದು ಒಂದು ಪುಟ. ಉಳಿದದ್ದಕ್ಕೆ ನೀರು ಬೆರೆಸುತ್ತೇನೆ.

ನಾನೂ ಅಕ್ಕನೂ ಇರುವ ಊರಿಂದ ಭಾವ ಇರುವ ಊರಿಗೆ ಎಷ್ಟು ಹೊತ್ತೆಂಬ ಪುಟವೂ ನನ್ನದೇ. ಹಾರಾಟ ಒಂದು ಗಂಟೆ. ‘ಬೆಳಿಗ್ಗೆ ಹೋಗಿ ಸಂಜೆ ಮರಳಬಹುದೇ?’ ಎಂಬ ಪ್ರಶ್ನೆಗೆ ‘ಧಾರಾಳವಾಗಿ’ ಎಂದು ಉತ್ತರಿಸಿದ್ದೇನೆ. ಗಾಲಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಮಾತ್ರ ನಮ್ಮ ಲೆಕ್ಕ. ಮನುಷ್ಯ ಸೋಫಾದಿಂದ ಮೇಲೇಳಲು ಹಿಡಿಯುವ ಹೊತ್ತು ಅದರಲ್ಲಿ ಸೇರಿಲ್ಲ.

ಭಾವನಿಗೆ ಆ ಪುಟ ಬಾಯಿಪಾಠ. ಬಡ್ತಿ ಸಿಕ್ಕಿ ಹೋದ ದಿನದಿಂದ “ಒಂದೇ ಗಂಟೆ ಅಲ್ವಾ, ಮನಸ್ಸು ಮಾಡಿದ್ರೆ ಬಂದೇಬಿಟ್ಟೆ” ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಒಮ್ಮೆ ಮನಸ್ಸು ಮಾಡಿದ್ದರು, ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು. ಅಕ್ಕ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಾದರೆ ಪುಕ್ಕಟೆ.

ಈಗ ಲ್ಯಾಬಿನ ಮಾಲೀಕರು ದೂರದ ಊರಲ್ಲಿ ಹೊಸ ಬ್ರಾಂಚ್ ತೆರೆಯುತ್ತಿದ್ದರು. ಅದನ್ನು ಅಕ್ಕನೇ ನೋಡಿಕೊಳ್ಳಬೇಕೆಂದು ಅವರ ಆಸೆ. ಸಂಜೆಯೊಳಗೆ ಉತ್ತರ ಬೇಕಿತ್ತು. “ನಿಮ್ಮ ಭಾವ ಒಂದ್ಸಲ ‘ಇಲ್ಲಿಗೆ ಬಾ’ ಅನ್ಲಿ, ಇದನ್ನೆಲ್ಲ ಬಿಟ್ಟು ಅಲ್ಲಿಗೇ ಹೋಗ್ತೀನಿ” ಎಂದು ಬೆಳಿಗ್ಗೆ ನನ್ನ ಹತ್ತಿರ ಹೇಳಿದ್ದಳು.

ಮಧ್ಯಾಹ್ನ ಅವಳು ಮರೆತಿದ್ದ ಊಟದ ಡಬ್ಬಿ ಹಿಡಿದು ಲ್ಯಾಬಿಗೆ ಹೋದಾಗ ಅವಳ ಕೈ ತುಂಬ ಹಲ್ಲಿನ ಅಚ್ಚಿಗೆ ಕಲಸಿದ ಪ್ಲಾಸ್ಟರ್. ಫೋನು ಸ್ಪೀಕರಿನಲ್ಲಿತ್ತು, ಆ ಕಡೆ ಭಾವ. ಬ್ರಾಂಚಿನ ವಿಷಯ ಅದಾಗಲೇ ಹೇಳಿಯಾಗಿತ್ತು.

“ಅಷ್ಟು ದೂರನಾ? ನಿನ್ ತಮ್ಮ ಇದಾನಲ್ಲ, ದೂರದ ಪಂಡಿತ, ಅವನನ್ನ ಕೇಳು.”

“ನಿಮ್ಮಲ್ಲಿಂದ ನಾಲ್ಕು ಗಂಟೆ ಭಾವ,” ಎಂದೆ.

“ನೋಡು ಮತ್ತೆ.”

“ಹೋಗ್ಬೇಡ ಅಂತೀರಾ?” ಅಕ್ಕ ಕೇಳಿದಳು.

“ನಾನ್ಯಾಕೆ ಬೇಡ ಅನ್ಲಿ? ಯೋಚನೆ ಮಾಡು ಅಂದೆ ಅಷ್ಟೆ.”

“ಹಾಗಾದ್ರೆ ನಾನೆಲ್ಲಿರ್ಬೇಕು, ನೀವೇ ಹೇಳಿ.”

ಫೋನು ಸುಮ್ಮನಾಯಿತು. ಮೌನವೆಂದರೆ ನನಗೆ ಗೌರವ, ಅದರ ಮೇಲೆ ಪ್ರಬಂಧವನ್ನೇ ಬರೆದವನು. ಆದರೆ ಈ ಮೌನದ ಹಿಂದೆ ಟಿವಿಯಲ್ಲಿ ಯಾರೋ ಈರುಳ್ಳಿ ಹುರಿಯುವುದನ್ನು ಕಲಿಸುತ್ತಿದ್ದರು. ಮೇಜಿನ ಮೇಲೆ ಸಾಲಾಗಿಟ್ಟ ಹಲ್ಲಿನ ಸೆಟ್ಟುಗಳಷ್ಟೇ ಬಾಯಿ ತೆರೆದಿದ್ದವು. ಅಕ್ಕ ಒಂದು ಸೆಟ್ಟನ್ನು ಎತ್ತಿಕೊಂಡು, ಅದೇ ಉತ್ತರ ಹೇಳಲಿದೆಯೇನೋ ಎಂಬಂತೆ ಹಿಡಿದು ಕಾದಳು.

“ಅಲ್ಲೇ ಇರು,” ಎಂದರು ಭಾವ ಕೊನೆಗೆ. “ಒಂದೇ ಗಂಟೆ, ಬೇಕಾದಾಗ ಬರ್ಬಹುದು. ಅದು ತುಂಬಾ ದೂರ ಕಣೇ.”

ಅಕ್ಕ ಸೆಟ್ಟನ್ನು ಮೆಲ್ಲನೆ ಅದರ ಜಾಗದಲ್ಲಿಟ್ಟಳು.

“ದೂರ ಬರೋರಿಗೆ ಕಣ್ರೀ. ನಿಮಗೇನು?”

ಪ್ಲಾಸ್ಟರಿನ ಬೆರಳಿನಲ್ಲೇ ಕರೆ ಕತ್ತರಿಸಿದಳು. ಅದೇ ಬೆರಳಿನಲ್ಲಿ ಮಾಲೀಕರಿಗೆ ಫೋನು ಮಾಡಿ, “ಹೋಗ್ತೀನಿ ಸಾರ್” ಎಂದಳು. ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಕೂತಳು.

ಅವಳು ಹೋಗಿ ತಿಂಗಳಾಗುವಷ್ಟರಲ್ಲಿ ಭಾವ ನನಗೆ ಫೋನು ಮಾಡಿದರು.

“ಏನಪ್ಪಾ, ಹೇಗಿದಾಳೆ ನಿಮ್ಮಕ್ಕ? ಅಂದ ಹಾಗೆ, ಆ ಹಲ್ಲಿನ ಕ್ಯಾಪ್ ಯಾಕೋ ಅಲುಗಾಡ್ತಿದೆ.”

“ಅಕ್ಕನ ಹತ್ರ ಹೋಗಿ ಬನ್ನಿ ಭಾವ,” ಎಂದೆ. “ನಾಲ್ಕೇ ಗಂಟೆ.”