ಇನ್ನೂರ ಹದಿನಾಲ್ಕು ಹುಣಸೆ ಬೀಜ

ನಾಗೇಂದ್ರಪ್ಪ ಮೇಷ್ಟ್ರು ಉಪ್ಪಿನಕಾಯಿ ಬಾಟಲಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹುಣಸೆ ಬೀಜಗಳು ಹಾಜರಿ ಪುಸ್ತಕದ ಮೇಲೆಲ್ಲ ಹರಡಿ, ಎರಡು ಮೂರು ಉರುಳಿಕೊಂಡು ಬಂದು ನನ್ನ ಕಾಲ ಬಳಿ ಬಿದ್ದವು.

"ಎರಡು ಸಲ ಎಣಿಸೀನಿ ನೋಡ್ರಮ್ಮ. ಇನ್ನೂರ ಹದಿನಾಲ್ಕು. ಆರು ದಿನದಾಗ ಇನ್ನೂರ ಹದಿನಾಲ್ಕು ಮಿರ್ಚಿ ತಿಂದಾಳ ನಿಮ್ಮ ಗಂಗಾಂಬಿಕಾ. ಅದು ಹೊಟ್ಟಿ ಏನ್ರಿ, ಲಾರಿ ಡೀಸಲ್ ಟ್ಯಾಂಕ್ ಏನ್ರಿ?"

ಕಿಟಕಿಯ ಸರಳಿಗೆ ಜೋತುಬಿದ್ದಿದ್ದ ಮಕ್ಕಳು ಗೊಳ್ಳೆಂದು ನಕ್ಕವು. ಒಬ್ಬ ಹುಡುಗ "ಮಿರ್ಚಿ ಗಂಗಿ" ಎಂದ. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ನನ್ನ ಮಗಳು ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನೆಲ ನೋಡುತ್ತಿದ್ದಳು. ಮೂರನೇ ಕ್ಲಾಸು. ಎಂಟು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ಶಾಲೆಯಲ್ಲಿ ಬಿಸಿಯೂಟ ಶುರುವಾದ ಮರುವರ್ಷ ಅದು. ಮೇಷ್ಟ್ರು ಕೂಡ್ಲಿಗಿಯಲ್ಲಿ ಮೂರು ದಿನದ ತರಬೇತಿಗೆ ಹೋಗಿ ಬಂದವರು, ಮಕ್ಕಳ ಕೈಯಲ್ಲಿ ಒಂದು ಪ್ರತಿಜ್ಞೆ ಬಾಯಿಪಾಠ ಮಾಡಿಸಿದ್ದರು. 'ನಾನು ದಿನವೂ ಸೊಪ್ಪು, ಕಾಳು ತಿನ್ನುತ್ತೇನೆ. ದಿನವೂ ಬೆಳಿಗ್ಗೆ ಓಡುತ್ತೇನೆ. ಎಣ್ಣೆಯಲ್ಲಿ ಕರಿದ ತಿಂಡಿಯನ್ನು ಮುಟ್ಟುವುದಿಲ್ಲ.' ಮಾತು ತಪ್ಪಿದವರು ತಪ್ಪಿದಷ್ಟು ಸಲ ತಮ್ಮ ಬಾಟಲಿಗೆ ಒಂದೊಂದು ಹುಣಸೆ ಬೀಜ ಹಾಕಬೇಕು. ಬೇರೆ ಮಕ್ಕಳ ಬಾಟಲಿಗಳು ಕಪಾಟಿನ ಮೇಲೆ ಸಾಲಾಗಿದ್ದವು. ಒಂದರಲ್ಲಿ ನಾಲ್ಕು, ಒಂದರಲ್ಲಿ ಒಂಬತ್ತು.

"ನಿಮ್ಮ ವ್ಯಾಪಾರದ ಬಗ್ಗೆ ನಾನು ಏನೂ ಅನ್ನಾಂಗಿಲ್ಲ. ಆದ್ರ ಇಷ್ಟು ಎಣ್ಣಿ ತಿನ್ನೋ ಕೂಸನ್ನ ನಾನು ಓಡ್ಸಿ, ಅದು ರಸ್ತಿ ಮ್ಯಾಲ ಬಿದ್ದು ಹೊಟ್ಟಿ ಹಿಡ್ಕಂಡ್ರ ಯಾರಿಗೆ ಜವಾಬು ಹೇಳ್ಲಿ? ಸೋಮವಾರದಿಂದ ಓಡೋದು ಬ್ಯಾಡ. ಬೀಜ ಇಳೀಲಿ, ಆಮ್ಯಾಲ ನೋಡೋಣು."

ಗಂಗಿ ಥಟ್ಟನೆ ತಲೆ ಎತ್ತಿದಳು. "ಸರ್, ಓಡೋದು ಒಂದು ಬಿಡಿಸಬ್ಯಾಡ್ರಿ ಸರ್."

"ಬಾಯಿ ಕಟ್ಟು, ಓಡುವಂತಿ."

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಪಕ್ಕ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಮಾರುವವಳು ನಾನು. ಬೆಳಿಗ್ಗೆ ಎರಡು ಮಿರ್ಚಿ, ಸಂಜೆ ಎರಡು ಮಿರ್ಚಿ, ಜೊತೆಗೆ ಒಂದು ಹಿಡಿ ಮಂಡಕ್ಕಿ ಕೊಟ್ಟು ಮಗಳನ್ನು ಬೆಳೆಸಿದವಳು. ಉಳಿದದ್ದನ್ನೆಲ್ಲ ಅವಳು ನನ್ನ ಬೆನ್ನ ಹಿಂದೆ ತಾಟಿನಿಂದ ಎತ್ತಿ ತಿಂದಿದ್ದಾಳೆ ಎಂದುಕೊಂಡೆ. ಇನ್ನೊಂದು ಮಾತೂ ಆಗ ನೆನಪಾಯಿತು, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ವಾರಕ್ಕೆ ನಾಲ್ಕು ಸಂಜೆ ನನ್ನ ಅಂಗಡಿಯಲ್ಲಿ ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಹೋಗುವವರು ಇದೇ ಮೇಷ್ಟ್ರು. ಮನೆಗೆ ಅತ್ತೆಯವರು ಬಂದಿದ್ದಾರೆ, ಅವರಿಗೆ ಎನ್ನುತ್ತಾರೆ. ಎರಡು ವರ್ಷದಿಂದ ಆ ಅತ್ತೆ ಊರಿಗೆ ಹೋಗಿಲ್ಲ.

ಶಾಲೆಯ ಕಾಂಪೌಂಡು ದಾಟಿದ ಮೇಲೆ ಕೇಳಿದೆ. "ಯಾವಾಗ ತಿಂದಿ ಅಷ್ಟು?"

"ತಿಂದಿಲ್ಲವ್ವಾ."

"ಬೀಜ ತಾವ ನಡಕೊಂಡು ಬಂದು ಬಾಟ್ಲಿಯಾಗ ಕುಂತ್ವೇನು?"

"ನಾನ ಹಾಕೀನಿ. ಆದ್ರ ತಿಂದಿಲ್ಲ."

"ಸುಳ್ಳೂ ಕಲ್ತಿ" ಎಂದು ಒಂದು ಬಿಟ್ಟೆ. ಎಷ್ಟು ಸೋಪು ಹಚ್ಚಿದರೂ ನನ್ನ ಅಂಗೈಯ ಜಿಡ್ಡು ಹೋಗುವುದಿಲ್ಲ. ಅವಳ ಕೆನ್ನೆಯ ಮೇಲೆ ಅದು ಮಿರಮಿರ ಮಿಂಚಿತು. ಅವಳು ಅಳಲಿಲ್ಲ. ಕೆನ್ನೆ ಒರೆಸಿಕೊಂಡು ಒರೆಸಿದ ಕೈಯನ್ನು ನೋಡಿಕೊಂಡಳು.

ಆ ಓಟ ಅವಳಿಗೆ ಏನಾಗಿತ್ತು ಎಂಬುದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದರೆ ಮೆಣಸಿನಕಾಯಿ ತೊಳೆಯಬೇಕು, ಸೀಳಬೇಕು, ಕಣ್ಣು ಉಜ್ಜಿಕೊಳ್ಳಬಾರದು. ಶಾಲೆ ಬಿಟ್ಟು ಬಂದರೆ ಪೇಪರು ಹರಿದಿಟ್ಟು ಪೊಟ್ಟಣ ಕಟ್ಟಬೇಕು. ನಮ್ಮ ಯಜಮಾನರು ಲಾರಿಗೆ ಹೋದರೆ ಎಂಟು ಹತ್ತು ದಿನಕ್ಕೆ ಬರುವವರು. ಅಂಗಡಿಗೆ ಎರಡು ಕೈ ಸಾಲುವುದಿಲ್ಲ, ಉಳಿದೆರಡು ಕೈ ಅವಳವೇ. ಅಂಗಡಿಯ ಹಿಂದಿನ ತಗಡಿನ ಶೆಡ್ಡೇ ನಮ್ಮ ಮನೆ. ಮಲಗಿದಾಗಲೂ ಎಣ್ಣೆಯ ವಾಸನೆಯಲ್ಲೇ ಮಲಗುತ್ತೇವೆ.

ಬೆಳಿಗ್ಗೆ ಏಳೂವರೆಯಿಂದ ಎಂಟರ ತನಕ, ಮೇಷ್ಟ್ರ ಸೀಟಿಯ ಹಿಂದೆ, ಅವಳು ಅಂಗಡಿಯವಳಾಗಿರುತ್ತಿರಲಿಲ್ಲ. ಮೊದಲ ದಿನ ನಾನೇ ಬೇಡ ಎಂದಿದ್ದೆ. ಅದು ಗಿರಾಕಿ ಮುಗಿಬೀಳುವ ಹೊತ್ತು. ಪಕ್ಕದಲ್ಲಿ ಚೀಲ ಹಾಸಿ ಸೊಪ್ಪು ಮಾರುವ ಗಾದೆಮ್ಮ ಬೈದು ಕಳಿಸಿದ್ದಳು. ಓಡಿ ಬಂದವಳ ಮುಖ ಕೆಂಪಾಗಿತ್ತು. "ಅವ್ವಾ, ಕೂಡ್ಲಿಗಿ ರಸ್ತ್ಯಾಗ ಕಿಲೋಮೀಟರ್ ಕಲ್ಲಿನ ಮಟ ಓಡಿದೆ. ಅಲ್ಲಿ ಸೂರ್ಯಕಾಂತಿ ಹಾಕ್ಯಾರ. ಎಲ್ಲಾ ಹೂವು ನಮ್ಮ ಕಡೀಗೇ ನೋಡಾಕತ್ತಿದ್ವು" ಎಂದಿದ್ದಳು. ಆ ಕಲ್ಲು ನನ್ನ ಅಂಗಡಿಯಿಂದ ದೂರವಿಲ್ಲ. ಅಂಗಡಿ ಹಾಕಿದ ಒಂಬತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ನೆನಪಿಲ್ಲ.

ಆವತ್ತು ಶನಿವಾರ. ಸಂಜೆ ಕರಿದ ಮಿರ್ಚಿಯ ತಾಟನ್ನು ಅವಳ ಕೈಗೆ ಎಟುಕದಂತೆ ನನ್ನ ಬಲಕ್ಕೆ ಇಟ್ಟುಕೊಂಡೆ. ನಾನೇ ಎಣಿಸಿ ಪೇಪರಿನ ಮೇಲೆ ಹಾಕುವುದು, ಅವಳು ಸುತ್ತಿ ದಾರ ಕಟ್ಟುವುದು. ಕಣ್ಣು ಅವಳ ಬಾಯಿಯ ಮೇಲೇ ಇತ್ತು. ಬಾಯಿ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಕೈ. ಒಂದು ಪೊಟ್ಟಣ ಕಟ್ಟಿ ಗಿರಾಕಿಗೆ ಕೊಟ್ಟಳು, ಬಗ್ಗಿ ಮೂಲೆಯ ಡಬ್ಬಿಗೆ ಕೈ ಹಾಕಿದಳು, ಏನನ್ನೋ ತೆಗೆದು ಲಂಗದ ಕಿಸೆಗೆ ಸೇರಿಸಿದಳು. ಇನ್ನೊಂದು ಪೊಟ್ಟಣ, ಮತ್ತೆ ಬಗ್ಗಿದಳು. ಚಟ್ನಿಗೆ ಹುಣಸೆಹಣ್ಣು ಬಿಡಿಸಿದ ಮೇಲೆ ಬೀಜಗಳನ್ನು ನಾನು ಹಾಕಿಡುವ ಡಬ್ಬಿ ಅದು.

ಅದೇ ಹೊತ್ತಿಗೆ ಮೇಷ್ಟ್ರು ಬಂದು ನಿಂತರು. ಬೆಳಗಿನ ಮಾತು ಇಬ್ಬರಿಗೂ ನೆನಪಿದ್ದುದರಿಂದ ಇಬ್ಬರೂ ಬೇರೆ ಕಡೆ ನೋಡಿದೆವು.

"ನಾಲ್ಕು ಕಟ್ರಮ್ಮ. ಅತ್ತಿಯವರಿಗೆ."

ಗಂಗಿ ಸುತ್ತಿದಳು, ದಾರ ಕಟ್ಟಿದಳು, ಕೊಟ್ಟಳು. ಬಗ್ಗಿ ಬೀಜ ತೆಗೆದಳು. ನಾನು ಅವಳ ರಟ್ಟೆ ಹಿಡಿದೆ.

"ಯಾಕ ತಗಂತಿ ಅದನ್ನ?"

"ಮುಟ್ಟಿದ್ನೆಲ್ಲವ್ವಾ."

"ಮುಟ್ಟಿದ್ರ?"

"ಮುಟ್ಟುವುದಿಲ್ಲ ಅಂತ ಐತೆಲ್ಲ ಬಾಯಿಪಾಠದಾಗ. ಪೊಟ್ಣ ಕಟ್ಟಿದ್ರ ಮುಟ್ಟಿದಂಗ ಅಲ್ಲೇನು? ಒಂದೊಂದು ಮಿರ್ಚಿಗೆ ಹಾಕಿದ್ರ ಬಾಟ್ಲಿ ಸಾಲಂಗಿಲ್ಲ. ಅದಕ್ಕ ಪೊಟ್ಣಕ್ಕ ಒಂದರಂಗ ಹಾಕೀನಿ." ಮೇಷ್ಟ್ರ ಕಡೆ ತಿರುಗಿ, "ತಪ್ಪಾತೇನ್ರಿ ಸರ್? ಮಿರ್ಚಿ ಲೆಕ್ಕಕ್ಕ ಹಾಕಬೇಕಿತ್ತೇನ್ರಿ?" ಎಂದಳು.

ಮೇಷ್ಟ್ರು ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಬಿಸಿ ಪೊಟ್ಟಣವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು.

"ತಿಂದದ್ದು ಎಷ್ಟವ್ವಾ ಹಂಗಾದ್ರ?"

"ಒಂದೂ ಇಲ್ರಿ. ಪ್ರತಿಜ್ಞೆ ಮಾಡಿದ ಮ್ಯಾಲ ತಿಂದೇ ಇಲ್ಲ."

"ಮತ್ತ ನಾನು ದಿನಾ ಕೊಡೋದು?" ಎಂದೆ.

ಉತ್ತರ ಬಂದದ್ದು ಪಕ್ಕದ ಸೊಪ್ಪಿನ ಚೀಲದಿಂದ. "ನನಗ ಕೊಡ್ತಾಳವ್ವಾ," ಎಂದಳು ಗಾದೆಮ್ಮ. "ಬೆಳಿಗ್ಗೆ ಎರಡು, ಸಂಜಿಗೆ ಎರಡು. ನಾನೇನು ಕಳುವು ಮಾಡಿಲ್ಲ ಮತ್ತ. ನೀನ ಕೊಟ್ಟು ಕಳಸ್ತಿ ಅಂದ್ಕಂಡಿದ್ದೆ. ನಮ್ಮ ಕೊಟ್ರಬಸಮ್ಮಗ ಎಂಥಾ ದೊಡ್ಡ ಮನಸು ಬಂತಪಾ, ಮುದುಕಿಗೆ ನಾಷ್ಟಾ ಹಚ್ಯಾಳ ಅಂತ ಊರೆಲ್ಲಾ ಹೇಳ್ಕೊಂಡು ಬಂದೀನಿ."

ಗಿರಾಕಿಗಳು ನಕ್ಕರು. ನಾನು ದಿನ ಎಣಿಸಿದೆ. ಪ್ರತಿಜ್ಞೆ ಮಾಡಿ ಹದಿನಾರು ದಿನ. ಬೀಜದ ಬಾಟಲಿ ಬಂದದ್ದು ಆಮೇಲೆ. ಹದಿನಾರು ದಿನ ನನ್ನ ಮಗಳು ಬೆಳಿಗ್ಗೆ ಒಂದು ಹಿಡಿ ಒಣ ಮಂಡಕ್ಕಿ ತಿಂದು ಓಡಿದ್ದಾಳೆ, ಸಂಜೆ ಒಂದು ಹಿಡಿ ಮಂಡಕ್ಕಿ ತಿಂದು ಮಲಗಿದ್ದಾಳೆ. ಮಧ್ಯಾಹ್ನದ ಬಿಸಿಯೂಟ ಇಲ್ಲದಿದ್ದರೆ ಏನಾಗುತ್ತಿತ್ತೋ. ಒಂದೇ ಒಲೆಯ ಈ ಕಡೆ ನಾನು, ಆ ಕಡೆ ಅವಳು, ನಡುವೆ ಮೊಳ ದೂರ. ದಿನಕ್ಕೆ ನೂರು ಜನರ ಮುಖ ನೋಡಿ ಖಾರ ಹೆಚ್ಚೋ ಕಮ್ಮಿಯೋ ಹೇಳುವ ನನಗೆ ಅವಳ ಕೊರಳ ಮೂಳೆ ಕಂಡಿರಲಿಲ್ಲ. ಈಗ ನೋಡಿದೆ. ಅಂಗಿಯ ಮೇಲಿನ ಗುಂಡಿ ಹಾಕಿದ್ದರೂ ಕಾಣುತ್ತಿತ್ತು. ಬೆಳಿಗ್ಗೆ ಆ ಕೆನ್ನೆಗೆ ಹೊಡೆದಿದ್ದೆ.

"ನನಗ ಹೇಳಬಾರದಿತ್ತೇನವ್ವಾ?"

"ಹೇಳಿದ್ರ ನೀನು ಬ್ಯಾರೆ ಏನು ಮಾಡಿಕೊಡ್ತಿದ್ದಿ?" ಎಂದಳು. ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದಳು. ನನ್ನ ಎರಡೂ ಕೈ ಮಣಿಕಟ್ಟಿನ ತನಕ ಕಡಲೆ ಹಿಟ್ಟಿನಲ್ಲಿದ್ದವು.

ಮೇಷ್ಟ್ರು ಕೆಮ್ಮಿದರು. "ಗಂಗಾಂಬಿಕಾ, ಸೋಮವಾರ ಓಡಾಕ ಬಾ. ಬಾಟ್ಲಿ ಖಾಲಿ ಮಾಡಿ ಇಡ್ತೀನಿ. ಮುಟ್ಟಿದ್ರ ಲೆಕ್ಕ ಇಲ್ಲ, ತಿಂದ್ರ ಲೆಕ್ಕ."

"ಹಂಗಾದ್ರ ಬಾಯಿಪಾಠ ತಪ್ಪೈತೇನ್ರಿ ಸರ್?"

"ತಪ್ಪೈತಿ. ತಿದ್ದತೀನಿ."

ಗಂಗಿ ಕಿಸೆಗೆ ಕೈ ಹಾಕಿ ನಾಲ್ಕು ಬೀಜ ಎಣಿಸಿ ಅವರ ಮುಂದೆ ಹಿಡಿದಳು. "ಇವು ನಿಮ್ಮವು ಸರ್. ಅತ್ತಿಯವರಿಗೆ."

ಗಾದೆಮ್ಮ ಕಿಸಕ್ಕೆಂದಳು. ಮೇಷ್ಟ್ರು ಬೀಜ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಪೊಟ್ಟಣವನ್ನೂ ಬಿಡಲಿಲ್ಲ, ಒಯ್ದರು.

ಗಿರಾಕಿ ಸ್ವಲ್ಪ ಸಡಿಲವಾದಾಗ ಗಾದೆಮ್ಮ ಮೆಂತ್ಯ ಸೊಪ್ಪಿನ ಎರಡು ಕಟ್ಟು ತಂದು ನನ್ನ ಮುಂದೆ ಇಟ್ಟಳು. "ದಿನಾ ಉಳೀತೈತಿ, ದನಕ್ಕ ಹಾಕ್ತೀನಿ. ಹುಡುಗಿಗೆ ಹಾಕು. ನನ್ನ ಮಿರ್ಚಿ ಮಾತ್ರ ನಿಲ್ಲಸಬ್ಯಾಡವ್ವಾ. ಸೊಪ್ಪು ನೋಡಿ ನೋಡಿ ನನಗ ಸಾಕಾಗೈತಿ."

ತಾಟು ತೊಳೆಯುವಾಗ ಗಂಗಿ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತಳು. ಓಟದ ಸುದ್ದಿಯೇ. ಕಲ್ಲಿನ ತನಕ ಹೋಗುವುದು ಸುಲಭ, ವಾಪಸು ಬರುವಾಗ ಒಂದೇ ಒಂದು ಕಡೆ ಕಷ್ಟ ಎಂದಳು.

"ಎಲ್ಲಿ? ಏರು ಐತೇನು ಅಲ್ಲಿ?"

"ಏರಲ್ಲ. ನಮ್ಮ ಅಂಗಡಿ ಮುಂದ. ನೀನು ಮಿರ್ಚಿ ಬಿಟ್ಟಿರ್ತಿಯೆಲ್ಲ, ಆ ವಾಸನಿಗೆ ಬಾಯಾಗ ನೀರು ಬರ್ತಾವು. ಅದಕ್ಕ ಮೂಗು ಹಿಡ್ಕಂಡು ಓಡ್ತೀನಿ. ಉಸುರು ಸಿಗಂಗಿಲ್ಲ, ಪಕ್ಕಿ ಹಿಡಿತೈತಿ. ಅಲ್ಲೇ ಎಲ್ರೂ ನನ್ನ ಹಿಂದ ಹಾಕ್ತಾರ." ತೊಳೆದ ತಾಟನ್ನು ಬೋರಲು ಹಾಕಿ, "ನೀನೂ ಒಂದಿನ ಬಾರವ್ವಾ, ಕಲ್ಲಿನ ಮಟ" ಎಂದಳು.

"ಎಣ್ಣಿ ಮ್ಯಾಲಿಟ್ಟು ಎಲ್ಲಿ ಓಡ್ಲಿ?"

"ಒಲಿ ಆರಿಸಿ ಬಾ."

ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಸೋಮವಾರ ಎಂದಿಗಿಂತ ಮುಕ್ಕಾಲು ಗಂಟೆ ಮುಂಚೆ ಎದ್ದೆ. ಬಾಣಲೆ ಇಡುವ ಮೊದಲು ಅದೇ ಒಲೆಯ ಮೇಲೆ ಹಂಚು ಇಟ್ಟು ಎರಡು ಜೋಳದ ರೊಟ್ಟಿ ಬಡಿದೆ. ರೂಢಿ ತಪ್ಪಿದ ಕೈ, ಮೊದಲನೆಯದರ ಅಂಚು ಹರಿಯಿತು. ಹಸಿ ಮೆಂತ್ಯ, ಈರುಳ್ಳಿ, ಶೇಂಗಾ ಪುಡಿ ಹಚ್ಚಿ ಕೊಟ್ಟೆ. ಹರಿದ ರೊಟ್ಟಿಯ ಅರ್ಧ ಈಗ ತಿಂದಳು, ಉಳಿದದ್ದು ಓಡಿ ಬಂದ ಮೇಲೆ ಎಂದು ಮುಚ್ಚಿಟ್ಟಳು. ಬರಿಗಾಲಲ್ಲೇ ಹೊರಟಳು. ನಾನು ಎಣ್ಣೆ ಸುರಿದೆ.

ಏಳೂಮುಕ್ಕಾಲಿಗೆ ಕೂಡ್ಲಿಗಿ ಬಸ್ಸಿನ ಡ್ರೈವರ್ ಪಾಲಣ್ಣ, ಅವನ ಹಿಂದೆ ಐದಾರು ಜನ ಬಂದು ನಿಂತರು. ಎಣ್ಣೆ ಕಾದಿತ್ತು. ಮೆಣಸಿನಕಾಯಿಯನ್ನು ಹಿಟ್ಟಿಗೆ ಅದ್ದಿ ಎತ್ತಿದೆ. ಆಗ ರಸ್ತೆಯ ಆ ತುದಿಯಲ್ಲಿ ಸೀಟಿ ಕೇಳಿಸಿತು.

ಕೈ ಬಾಣಲೆಯ ಮೇಲೆ ನಿಂತಿತು.

"ಬಿಡವ್ವಾ, ಎಣ್ಣಿ ಹೊಗಿ ಬರಾಕತ್ತೈತಿ," ಎಂದ ಪಾಲಣ್ಣ.

"ಎರಡು ನಿಮಿಷ ತಡಿಯಪ್ಪಾ."

"ನಂದು ಎಂಟಕ್ಕ ಗಾಡಿ."

"ಗೊತ್ತೈತಿ, ತಡಿ."

"ಏನು, ಮಿರ್ಚಿಗೆ ಮುಹೂರ್ತ ನೋಡಾಕತ್ತಿಯೇನು?"

ಹಿಂದಿನವರು ನಕ್ಕರು. ಬಿಸಿ ನನ್ನ ಬೆರಳಿನ ಗೆಣ್ಣುಗಳನ್ನು ಸುಡುತ್ತಿತ್ತು. ಹಿಟ್ಟು ಮುಂಗೈಗುಂಟ ಇಳಿದು ಮೊಣಕೈಗೆ ಬಂತು. ಅಂಗಡಿ ಬಿಟ್ಟು ಹೊರಗೆ ಬರುವಂತಿರಲಿಲ್ಲ, ಮಿರ್ಚಿ ಬಿಡುವಂತಿರಲಿಲ್ಲ, ಒಲೆ ಆರಿಸುವಂತಿರಲಿಲ್ಲ. ಮಕ್ಕಳು ಬಂದರು. ಮೊದಲು ಇಬ್ಬರು ಹುಡುಗರು, ಹಿಂದೆಯೇ ಗಂಗಿ. ನಮ್ಮ ಅಂಗಡಿ ಹತ್ತಿರ ಬಂದಾಗ ರೂಢಿಯಂತೆ ಕೈ ಮೂಗಿಗೆ ಹೋಯಿತು. ಒಂದು ಸಲ ಮೂಸಿ ನೋಡಿದಳು. ಕೈ ಕೆಳಗಿಳಿಯಿತು. ಬಾಯಿ ತುಂಬ ಗಾಳಿ ಎಳೆದುಕೊಂಡು ಒಬ್ಬ ಹುಡುಗನನ್ನು ಹಿಂದೆ ಹಾಕಿದಳು. ನನ್ನ ಕಡೆ ತಿರುಗಲಿಲ್ಲ. ಓಡುವವರು ತಿರುಗಬಾರದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಂತೆ.

ಕೊನೆಯ ಮಗು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಆಮೇಲೆ ಬಿಟ್ಟೆ. ಎಣ್ಣೆ ಮೀರಿ ಕಾದಿತ್ತು. ಮಿರ್ಚಿ ಬಿದ್ದ ಕೂಡಲೇ ಕಪ್ಪಾಯಿತು.

"ಸೀದುಹೋತು ನೋಡು," ಎಂದ ಪಾಲಣ್ಣ. "ನಾಳಿಗೂ ಹಿಂಗೇನು?"

"ನಾಳಿಗೂ ಹಿಂಗ," ಎಂದು ಜಾಲರಿಯಲ್ಲಿ ಸೀದದ್ದನ್ನು ಎತ್ತಿ ಹಾಕಿ, ಇನ್ನೊಂದು ಮೆಣಸಿನಕಾಯಿ ಹಿಟ್ಟಿಗೆ ಅದ್ದಿದೆ.