ಎತ್ತಿಟ್ಟ ಸರದಿ

ಮೂರನೇ ಸಲವೂ ವ್ಯಾನು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತುಬಿಟ್ಟಿತು. ಸ್ಟೇರಿಂಗ್ ಹಿಡಿದಿದ್ದ ಚಿಕ್ಕಮಾವ ಟವೆಲಿನಿಂದ ಕತ್ತು ಒರೆಸಿಕೊಂಡರು.

"ಅಣ್ಣ ಹೋದ್ರೂ ಇದರ ಹಟ ಹೋಗ್ಲಿಲ್ಲ ನೋಡು."

ಎದುರಿಗೆ ಅಣ್ಣನ ದೇಹ ಹೊತ್ತ ಗಾಡಿ ಕಾಯುತ್ತಿತ್ತು. ಮಗ ಅದರೊಳಗೆ ಅಪ್ಪನ ಪಕ್ಕ ಕೂತಿದ್ದ. ಅವನಿಗೋ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂಬುದೇ ಗೊತ್ತಿಲ್ಲ. ಎಲ್ಲರ ಕಣ್ಣೂ ಸೊಸೆಯ ಕಡೆ ತಿರುಗಿತು. ಅವಳು ಎಂದಿನಂತೆ ವ್ಯಾನಿನ ಬಾಗಿಲ ಬಳಿ, ಶಾಲೆಯ ಮಕ್ಕಳನ್ನು ಹತ್ತಿಸಿ ಇಳಿಸುವ ಜಾಗದಲ್ಲೇ ನಿಂತಿದ್ದಳು.

"ಬಾಮ್ಮ, ಸ್ಮಶಾನದವರೆಗೂ ನೀನೇ ಓಡಿಸು. ಸಂಜೆ ಹೇಗೂ ಗ್ಯಾರೇಜಿನವನು ಬಂದು ತಗೊಂಡು ಹೋಗ್ತಾನೆ."

ವ್ಯಾನನ್ನು ಮಾರುವುದೆಂದು ಬೆಳಿಗ್ಗೆಯೇ ಮಾತಾಗಿತ್ತು. 'ಇವಳಿಗೆ ಲೈಸೆನ್ಸ್ ಇದೆಯಲ್ಲ' ಎಂದು ಮಗ ಗೊಣಗಿದಾಗ ಚಿಕ್ಕಮಾವ, "ಲೈಸೆನ್ಸ್ ಇದ್ರೆ ಸಾಕೇನೋ? ಬಾಯಿ ಬೇಡ್ವಾ? ಅಡ್ಡ ಬಂದವನಿಗೆ ಬೈಯೋಕಾದ್ರೂ?" ಎಂದಿದ್ದರು.

ಅತ್ತೆ ಮಾತ್ರ ಮೆಲ್ಲಗೆ, "ಅವರು ಓಡಿಸಿದ್ರೆ ನಾನು ಕಣ್ಣು ಮುಚ್ಕೊಂಡು ಕೂರ್ತಿದ್ದೆ. ಬೇರೆಯವರ ಗಾಡೀಲಿ ಜೀವ ಕೈಯಲ್ಲಿ ಹಿಡ್ಕೊಂಡಿರೋದೇ ಆಯ್ತು," ಎಂದಿದ್ದರು.

'ನಾನು ಓಡಿಸ್ತೀನಿ' ಎಂಬ ಮಾತನ್ನು ಸೊಸೆ ಹೊರಗೆ ಬಿಟ್ಟಿರಲಿಲ್ಲ. ಲೋಟ ತೊಳೆಯುವ ನೆಪದಲ್ಲಿ ಅವಳು ಒಳಗೆ ಹೋಗಿದ್ದಳು.

*

ತೀರಿಹೋದ ಮಾವ ಶಾಲೆಯ ಮಕ್ಕಳಿಗೆಲ್ಲ ವ್ಯಾನ್ ಮಾವ. ಮುಂದೆ ಯಾವುದಾದರೂ ಗಾಡಿ ಸಿಕ್ಕರೆ ಸಾಕು, ಅದರ ನಂಬರ್ ಪ್ಲೇಟಿನಲ್ಲಿ ಕೆ, ಎ ಬಿಟ್ಟು ಉಳಿದ ಅಕ್ಷರಗಳನ್ನು ಕೂಗುವರು. ಆ ಎರಡೂ ಅಕ್ಷರಗಳಿರುವ ಒಂದು ಇಂಗ್ಲಿಷ್ ಪದವನ್ನು ಮಕ್ಕಳು ಹುಡುಕಬೇಕು. ಅಕ್ಷರ ಸರಿಯೋ ತಪ್ಪೋ ಎಂಬ ಜಗಳ ಮಕ್ಕಳದು. ಮಾವನದು ಒಂದೇ ಕಾನೂನು: ಪದ ಹೇಳಿದವರು ಅದನ್ನು ಮಾವನ ಕಣ್ಣಿಗೆ ಕಾಣುವಂತೆ ಮಾಡಬೇಕು.

"ಬಿ, ಡಿ!"

"ಬೋರ್‌ಡಮ್!" ಎಂದ, ಯಾವಾಗಲೂ ಹಿಂದೆಯೇ ಕೂರುವ ಹುಡುಗ. ಅವನ ಹೆಸರೇ ಹಿಂದಿನ ಸೀಟು ಎಂದಾಗಿತ್ತು.

"ನನಗೆ ಏನೂ ಕಾಣ್ಲಿಲ್ಲಪ್ಪ."

"ಮಾವ, ಲೆಕ್ಕದ ಪೀರಿಯಡ್ಡಲ್ಲಿ ಫ್ಯಾನಿನ ರೆಕ್ಕೆ ಎಣಿಸೋದು. ಮೂರೇ ಅಂತ ಗೊತ್ತಿದ್ರೂ ಮತ್ತೆ ಎಣಿಸೋದು."

"ಕಾಣ್ತು, ಕಾಣ್ತು! ಪಾಸ್!" ಮಾವ ನಗುತ್ತಾ ಹಾರ್ನ್ ಒತ್ತಿದ್ದರು. ಮುಂದಿನ ಸ್ಕೂಟರಿನವನು ಹೆದರಿ ಪಕ್ಕಕ್ಕೆ ಸರಿದಿದ್ದ.

ಕೊನೆಗೆ ಕನ್ನಡಿಯಲ್ಲಿ ಸೊಸೆಯನ್ನು ನೋಡಿ, "ನಿಂದೇನಮ್ಮ?" ಎನ್ನುವರು. ಬೇಗನೆ ಶಾಲೆ ಬಿಟ್ಟವಳಾದರೂ ಮಕ್ಕಳ ಹೆಗಲ ಮೇಲಿಂದ ಅವರ ಪುಸ್ತಕಗಳನ್ನೆಲ್ಲ ಓದಿಕೊಂಡಿದ್ದಳು. ಪದಗಳಿಗೇನೂ ಬರವಿರಲಿಲ್ಲ. ಆದರೂ ತಲೆ ಅಲ್ಲಾಡಿಸುವಳು.

"ಇರ್ಲಿ ಬಿಡು. ನಿನ್ನ ಸರದಿ ಎತ್ತಿಟ್ಟಿರ್ತೀನಿ. ಹಳಸೋ ಪದಾರ್ಥ ಅಲ್ವಲ್ಲ."

ರಜೆಯ ದಿನ ಶಾಲೆಯ ಖಾಲಿ ಮೈದಾನದಲ್ಲಿ ಅವಳಿಗೆ ವ್ಯಾನು ಕಲಿಸಿದವರೂ ಅವರೇ. ಅದು ಕುಪ್ಪಳಿಸಿದಾಗಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಹಿಂದೆ ಯಾವುದೋ ಮಗು ಮಲಗಿದೆ ಅಂದ್ಕೊಂಡು ಕ್ಲಚ್ಚಿಂದ ಕಾಲು ತೆಗಿಯಮ್ಮ."

*

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮುಂದೆ ಮಾವನ ದೇಹವಿದ್ದ ಗಾಡಿ, ಹಿಂದೆ ಇವರ ವ್ಯಾನು; ಅದರ ತುಂಬ ಶಾಲೆಯ ಈಗಿನ ಮಕ್ಕಳು, ಬೆಳೆದು ದೊಡ್ಡವರಾದ ಹಳಬರು, ಚಿಕ್ಕಮಾವ. ಅತ್ತೆ ಸೊಸೆಯ ಪಕ್ಕದ ಸೀಟಿನಲ್ಲಿ ಕಿಟಕಿಗೆ ಒರಗಿದ್ದರು. ಆಸ್ಪತ್ರೆಯ ರಾತ್ರಿಗಳನ್ನೆಲ್ಲ ಸ್ಟೂಲಿನ ಮೇಲೆ ಕೂತೇ ಕಳೆದ ಕಣ್ಣುಗಳು ಊದಿದ್ದವು.

"ಎಲ್, ಟಿ," ಎಂದಿತು ಹಿಂದಿನಿಂದ ಒಂದು ಪುಟ್ಟ ದನಿ. ಅಭ್ಯಾಸಬಲ.

"ಶ್! ಇವತ್ತು ಆಟ ಆಡೋ ದಿನವಾ?" ಚಿಕ್ಕಮಾವ ಗದರಿದರು.

"ಆಡ್ಲಿ ಬಿಡಿ," ಎಂದರು ಅತ್ತೆ. "ಅಷ್ಟು ಹತ್ತಿರ ಪ್ಲೇಟ್ ಇಟ್ಕೊಂಡು ಸುಮ್ನೆ ಕೂತ್ರೆ ಅವರಿಗೇ ಬೇಜಾರು."

"ಎಲಿಫೆಂಟ್!" ಎಂದಿತು ಆ ದನಿ.

"ಲ್ಯಾಂಟರ್ನ್," ಎಂದ ಹಿಂದಿನ ಸೀಟು. ಅವನಿಗೀಗ ಮೀಸೆ ಬಂದಿದೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಕೂತದ್ದು ಮಾತ್ರ ಅದೇ ಸೀಟಿನಲ್ಲಿ. "ಕರೆಂಟ್ ಹೋದಾಗ ಗೋಡೆ ಮೇಲೆ ಅಜ್ಜಿ ಇದ್ದಕ್ಕಿದ್ದಂತೆ ದೊಡ್ಡವಳಾಗ್ತಾಳಲ್ಲ, ಅದು." ಆಮೇಲೆ ತಡವರಿಸಿದ. "ಆದ್ರೆ... ಪಾಸ್ ಮಾಡೋರು ಯಾರು?"



"ನನಗೆ ಕಾಣ್ತಪ್ಪ," ಎಂದರು ಅತ್ತೆ. "ಪಾಸು." ಗಾಜಿಗೆ ತಲೆ ಆನಿಸಿದವರ ಮುಖದಲ್ಲಿ ಒಂದಿಷ್ಟು ನಗು ಉಳಿದಿತ್ತು. ಅದು ಮಾಸುವ ಮೊದಲೇ ನಿದ್ದೆ ಬಂದಿತ್ತು.

ಹಿಂದಿನ ಸೀಟು ಮುಂದಕ್ಕೆ ಬಾಗಿದ. "ಅಕ್ಕ, ಮಾವ ನಿಮ್ಮ ಸರದಿ ಎತ್ತಿಟ್ಟಿದ್ರಲ್ಲ."

ಅವಳು ಮುಂದಿನ ಗಾಡಿಯ ಪ್ಲೇಟನ್ನೇ ನೋಡುತ್ತಿದ್ದಳು. ದೀಪ ಹಸಿರಾದರೆ ಅದು ಹೊರಟುಬಿಡುತ್ತದೆ.

"ಜೆಂಟಲ್," ಎಂದಳು.

"ಅದೇನು ಕಣ್ಣಿಗೆ ಕಾಣೋ ವಸ್ತುವಾ?" ಎಂದರು ಚಿಕ್ಕಮಾವ.

"ತೋರಿಸ್ತೀನಿ." ಅವಳು ಗೇರಿಗೆ ಕೈ ಹಾಕಿದಳು. "ಚಿಕ್ಕಮಾವ, ಗ್ಯಾರೇಜಿನವರಿಗೆ ಬರ್ಬೇಡಿ ಅಂತ ಹೇಳ್ಬಿಡಿ. ಸೋಮವಾರದಿಂದ ವ್ಯಾನು ನಾನೇ ಓಡಿಸ್ತೀನಿ."

ಹಸಿರು ಬಿತ್ತು. ಅವಳು ಕ್ಲಚ್ಚಿನಿಂದ ಕಾಲನ್ನು ಎತ್ತಿದಳು, ತುಂಬಿದ ಬಿಂದಿಗೆ ಇಳಿಸುವ ಹಾಗೆ. ವ್ಯಾನು ಹೊರಟದ್ದು ಯಾರಿಗೂ ತಿಳಿಯಲಿಲ್ಲ. ಕಿಟಕಿಯಾಚೆ ಅಂಗಡಿಗಳು ಹಿಂದಕ್ಕೆ ಸರಿಯತೊಡಗಿದಾಗಲೇ ಗೊತ್ತಾದದ್ದು.

ಚಿಕ್ಕಮಾವನ ಜೇಬಿನಲ್ಲಿ ಫೋನು ರಿಂಗಾಯಿತು. ಅವರು ಗಡಬಡಿಸಿ ಅದನ್ನು ಎದೆಗೆ ಅದುಮಿಕೊಂಡರು. ಆಮೇಲೆ ಕಿವಿಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಬೇಡಪ್ಪ, ನೀನು ಬರ್ಬೇಡ. ಇಡು, ಇಡು. ಇಲ್ಲಿ ಅತ್ತಿಗೆ ಮಲಗಿದಾರೆ."

ಅತ್ತೆಯ ತಲೆ ಗಾಜಿಗೆ ಒಮ್ಮೆಯೂ ಬಡಿಯಲಿಲ್ಲ. ಶಾಲೆ ಮುಗಿಸಿ ಮನೆಗೆ ಹೊರಟು ದಾರಿಯಲ್ಲೇ ನಿದ್ದೆಹೋದ ಮಗುವಿನಂತೆ ಅವರ ಬಾಯಿ ತುಸುವೇ ತೆರೆದಿತ್ತು.